ದೊಡ್ಡ ಅಲೆಯ ದಿನ ಕೈಟ್ ಬಿಚ್ಚಬೇಕೇ, ಬೇಡವೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 36. ಮೂರು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ರಾಮೇಶ್ವರಕ್ಕೆ ಹೋಗಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ ಎಳೆತದಿಂದ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಕಲಿತಿದ್ದೇನೆ. ಗಾಳಿಗೆ ಎದುರಾಗಿ ಸಾಗುವುದು, ಎರಡೂ ಬದಿಗೆ ತಿರುಗುವುದು, ಸಣ್ಣ ಜಿಗಿತಗಳು ಬರುತ್ತವೆ. ಬರುವ ಜುಲೈಯಲ್ಲಿ ಮೂವರು ಗೆಳೆಯರೊಂದಿಗೆ ಮಾರಿಷಸ್‌ನ ಲೆ ಮೋರ್ನ್‌ಗೆ ಹತ್ತು ದಿನಗಳ ಮಟ್ಟಿಗೆ ಹೋಗುತ್ತಿದ್ದೇನೆ. ಅಲ್ಲಿನ 'ಒನ್ ಐ' ಅಲೆಯ ಮೇಲೆ ಕೈಟ್ ಆಡಬೇಕೆಂಬುದು ಗೆಳೆಯರ ಹಟ. ದೊಡ್ಡ ಅಲೆಗಳ ವಿಡಿಯೊಗಳನ್ನು ದಿನವೂ ಕಳಿಸುತ್ತಿದ್ದಾರೆ. ಸ್ವೆಲ್ (ದೂರದಿಂದ ಬರುವ ಹೆದ್ದೆರೆ) ಎಷ್ಟು ಮೀಟರ್ ದಾಟಿದರೆ ನಾನು ದಡದಲ್ಲಿ ಉಳಿಯಬೇಕು? ಹಾಗೆ ಉಳಿದರೆ ಹೇಡಿ ಎನ್ನಿಸಿಕೊಳ್ಳುವ ಸಂಕೋಚವೂ ಇದೆ.

ಉತ್ತರ: ನೀವು ಕೇಳಿರುವುದು ಒಂದು ಅಂಕಿಯನ್ನು. ಎರಡು ಮೀಟರ್ ಆದರೆ ಹೋಗಬಹುದು, ಮೂರಾದರೆ ಬೇಡ ಎನ್ನುವಂಥ ಉತ್ತರ ಕೊಡುವುದು ಸುಲಭ, ಆದರೆ ಅದನ್ನು ನಂಬಿ ನೀರಿಗಿಳಿದವರನ್ನು ಆ ಅಂಕಿ ಕಾಯುವುದಿಲ್ಲ. ಲೆ ಮೋರ್ನ್‌ನಲ್ಲಿ ಎರಡು ಮೀಟರಿನ ದಿನ ಚೆನ್ನಾಗಿ ಪಳಗಿದವರು ಪೆಟ್ಟು ತಿಂದು ಬಂದದ್ದನ್ನು ನೋಡಿದ್ದೇನೆ. ಅದಕ್ಕಿಂತ ದೊಡ್ಡ ದಿನಗಳಲ್ಲಿ, ಸರಿಯಾದ ಜಾಗವನ್ನು ಆರಿಸಿಕೊಂಡ ಸಾಧಾರಣ ಅನುಭವದವರು ಸುಖವಾಗಿ ಆಡಿ ಮರಳಿದ್ದನ್ನೂ ನೋಡಿದ್ದೇನೆ. ಆದ್ದರಿಂದ ನಿಮ್ಮ ಪ್ರಶ್ನೆಯ ಜಾಗದಲ್ಲಿ ಬೇರೊಂದು ಪ್ರಶ್ನೆಯನ್ನು ಇಡುತ್ತೇನೆ: ನನ್ನ ಕೈಟ್ ಈ ಕ್ಷಣ ನೀರಿಗೆ ಬಿದ್ದು, ಬೋರ್ಡ್ ಕೈತಪ್ಪಿ ಹೋದರೆ, ಇನ್ನು ಹತ್ತು ನಿಮಿಷದಲ್ಲಿ ನಾನು ಎಲ್ಲಿರುತ್ತೇನೆ? ಇದಕ್ಕೆ ದಡದಲ್ಲಿ ನಿಂತೇ, ಕೈಟಿಗೆ ಗಾಳಿ ತುಂಬುವ ಮೊದಲೇ, ಸ್ಪಷ್ಟವಾದ ಉತ್ತರ ಹೇಳಲು ಆಗದಿದ್ದರೆ ಆ ದಿನ ನೀರಿಗಿಳಿಯಬೇಡಿ, ಅಲೆ ಎಷ್ಟೇ ಮೀಟರಿನದ್ದಾಗಿರಲಿ.

ಮೀಟರಿನ ಲೆಕ್ಕವೊಂದೇ ಏಕೆ ಸಾಲದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಜುಲೈಯಲ್ಲಿ ಲೆ ಮೋರ್ನ್‌ಗೆ ಬಂದು ಬಡಿಯುವ ಅಲೆಗಳು ಅಲ್ಲಿನ ಗಾಳಿಯಿಂದ ಹುಟ್ಟಿದವಲ್ಲ. ಶಾಲೆಯ ಭೂಗೋಳದಲ್ಲಿ 'ಗರ್ಜಿಸುವ ನಲವತ್ತು' ಎಂದು ಓದಿದ್ದೀರಲ್ಲ, ದಕ್ಷಿಣ ಗೋಳಾರ್ಧದ ಆ ಅಕ್ಷಾಂಶಗಳಲ್ಲಿ ಚಳಿಗಾಲದ ಬಿರುಗಾಳಿಗಳು ಎಬ್ಬಿಸಿದ ಹೆದ್ದೆರೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬರುತ್ತವೆ. ನಾವು ಸ್ವೆಲ್ ಎನ್ನುವುದು ಇವನ್ನೇ. ಹದಿನೈದು ಸೆಕೆಂಡಿನ ಸ್ವೆಲ್ ಎಂದರೆ, ಒಂದು ತೆರೆಯ ನೆತ್ತಿ ಹಾದುಹೋದ ಮೇಲೆ ಮುಂದಿನ ತೆರೆಯ ನೆತ್ತಿ ಬರಲು ಹದಿನೈದು ಸೆಕೆಂಡು ಬೇಕು ಎಂದರ್ಥ. ಅಂಥ ತೆರೆಗಳ ಗುಂಪು ಆಳದ ಸಾಗರದಲ್ಲಿ ದಿನಕ್ಕೆ ಸುಮಾರು 1,000 ಕಿಲೋಮೀಟರ್ ಕ್ರಮಿಸುತ್ತದೆ. 45 ಡಿಗ್ರಿ ದಕ್ಷಿಣದಲ್ಲಿ ಹುಟ್ಟಿದ್ದು 20 ಡಿಗ್ರಿ ದಕ್ಷಿಣದ ಮಾರಿಷಸ್ ತಲುಪಲು ಮೂರು ದಿನ ಸಾಕು. ಅದೇ ದಕ್ಷಿಣದ ಸ್ವೆಲ್ ಇನ್ನೂ ನಾಲ್ಕು ದಿನ ನಡೆದು ನಮ್ಮ ಕರಾವಳಿಯನ್ನೂ ಮುಟ್ಟಬಲ್ಲದು. ಗಾಳಿಯೇ ಇಲ್ಲದ ಏಪ್ರಿಲ್-ಮೇ ತಿಂಗಳ ದಿನಗಳಲ್ಲಿ ದಕ್ಷಿಣ ಕನ್ನಡ, ಉಡುಪಿಯ ತೀರಗಳಿಗೆ ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ 'ಕಳ್ಳಕ್ಕಡಲ್' ಎಚ್ಚರಿಕೆ ಕೊಡುವುದು ಇಂಥ ದೂರದ ತೆರೆಗಳಿಗಾಗಿಯೇ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂಬ ಆ ಮಲಯಾಳಂ ಹೆಸರು ವಿಷಯವನ್ನು ಎಷ್ಟು ಸರಿಯಾಗಿ ಹಿಡಿದಿದೆ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಈಗ ಎರಡು ದಿನಗಳನ್ನು ಹೋಲಿಸಿ. ಒಂದು ದಿನ ಮುನ್ಸೂಚನೆಯಲ್ಲಿ 2 ಮೀಟರ್, 8 ಸೆಕೆಂಡು ಎಂದಿದೆ. ಇನ್ನೊಂದು ದಿನ 2 ಮೀಟರ್, 15 ಸೆಕೆಂಡು. ಎತ್ತರ ಒಂದೇ. ಆದರೆ ಎಂಟು ಸೆಕೆಂಡಿನ ತೆರೆಯ ಉದ್ದ ಸುಮಾರು 100 ಮೀಟರ್, ಹದಿನೈದು ಸೆಕೆಂಡಿನದು ಸುಮಾರು 350 ಮೀಟರ್. ತೆರೆಯು ತನ್ನ ಉದ್ದದ ಅರ್ಧದಷ್ಟು ಆಳದಲ್ಲೇ ತಳವನ್ನು ಮುಟ್ಟಲು ತೊಡಗುತ್ತದೆ; ಅಂದರೆ ಎರಡನೆಯ ದಿನದ ತೆರೆ 175 ಮೀಟರ್ ಆಳದಿಂದಲೇ ನೆಲದ ಆಕಾರಕ್ಕೆ ತಕ್ಕಂತೆ ಬಾಗುತ್ತ, ಹವಳದ ದಿಬ್ಬದ ಮೂಲೆಗಳ ಕಡೆಗೆ ತನ್ನ ಬಲವನ್ನೆಲ್ಲ ಒಟ್ಟುಮಾಡಿಕೊಳ್ಳುತ್ತ ಬರುತ್ತದೆ. ಅದು ಹೊತ್ತು ತರುವ ಶಕ್ತಿ ಮೊದಲನೆಯದರ ಹೆಚ್ಚುಕಡಿಮೆ ಎರಡರಷ್ಟು. ತೆರೆದ ಸಾಗರದಲ್ಲಿ ಎರಡು ಮೀಟರ್ ಎಂದು ಬರೆದದ್ದು ದಿಬ್ಬದ ಮೇಲೆ ಮುರಿಯುವಾಗ ಮೂರು-ನಾಲ್ಕು ಮೀಟರಿನ ಗೋಡೆಯಾಗಬಲ್ಲದು. ರಾಮೇಶ್ವರದಲ್ಲಿ ಕಲಿತವರಿಗೆ ಇದು ಹೊಸತು. ಪಾಕ್ ಕೊಲ್ಲಿಗೆ ಶ್ರೀಲಂಕಾ ಅಡ್ಡ ನಿಂತಿರುವುದರಿಂದ ದಕ್ಷಿಣದ ಸ್ವೆಲ್ ಅಲ್ಲಿಗೆ ಬರುವುದೇ ಇಲ್ಲ; ಅಲ್ಲಿ ನೀವು ಕಲಿತದ್ದು ಗಾಳಿಯ ವಿದ್ಯೆ, ಕಡಲಿನ ವಿದ್ಯೆ ಇನ್ನೂ ಬಾಕಿ ಇದೆ. ಇದನ್ನು ಹೇಳುವುದರಲ್ಲಿ ನಿಮ್ಮನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ನಾನೂ ಮೊದಲು ಅಲೆ, ಆಮೇಲೆ ಗಾಳಿ ಎಂದು ತಿರುವುಮುರುವಾಗಿ ಕಲಿತವನು. ಮೂಲ್ಕಿಯ ಕಡೆಯವನಾದ್ದರಿಂದ ನನಗೆ ಆ ಅನುಕೂಲ ಒದಗಿತು, ಅಷ್ಟೆ.

ಮುನ್ಸೂಚನೆಯ ಅಂಕಿಯ ಬಗ್ಗೆ ಇನ್ನೊಂದು ಮಾತು. ಅದು ಆ ದಿನದ ಅತಿ ದೊಡ್ಡ ಅಲೆಯ ಎತ್ತರವಲ್ಲ. ಬರುವ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ. ನೂರು ಅಲೆಗಳಲ್ಲಿ ಒಂದು ಆ ಅಂಕಿಯ ಒಂದೂವರೆ ಪಟ್ಟು ಇರುವುದು ಸಹಜ. ಸಾವಿರದಲ್ಲಿ ಒಂದು ಎರಡು ಪಟ್ಟಿನ ಸಮೀಪಕ್ಕೆ ಬರುತ್ತದೆ. ಹದಿನೈದು ಸೆಕೆಂಡಿಗೊಂದರಂತೆ ನೂರು ಅಲೆಗಳು ಬರಲು 25 ನಿಮಿಷ ಬೇಕು. ಅಂದರೆ ದಡದಲ್ಲಿ ಹತ್ತು ನಿಮಿಷ ನಿಂತು ನೋಡಿ, ಇಷ್ಟೇ ಅಲ್ಲವೇ ಎಂದು ಕೈಟ್ ಹಾರಿಸಿದವರು ಆ ದಿನದ ನಿಜವಾದ ಅಲೆಯನ್ನು ಇನ್ನೂ ನೋಡಿಯೇ ಇರುವುದಿಲ್ಲ. ನನ್ನ ಜೊತೆ ಬರುವವರಿಗೆ ನಾನು 40 ನಿಮಿಷದ ನಿಯಮ ಹಾಕಿದ್ದೇನೆ. ಫೋನನ್ನು ಚೀಲದಲ್ಲಿಟ್ಟು, ಮರಳಿನ ಮೇಲೆ ಕೂತು, ಒಂದರ ಹಿಂದೊಂದು ಬರುವ ದೊಡ್ಡ ಅಲೆಗಳ ಗುಂಪು, ಅಂದರೆ ಸೆಟ್, ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ, ಪ್ರತಿ ಸೆಟ್‌ನಲ್ಲಿ ಎಷ್ಟು ಅಲೆ, ಅವು ಮುರಿಯಲು ಎಲ್ಲಿಂದ ಶುರುವಾಗಿ ಎಲ್ಲಿ ಸುಮ್ಮನಾಗುತ್ತವೆ ಎಂದು ಎಣಿಸಬೇಕು. ಇಪ್ಪತ್ತೆರಡು ನಿಮಿಷ ಏನೂ ಇಲ್ಲದೆ, ಆಮೇಲೆ ಒಂದರ ಹಿಂದೊಂದು ನಾಲ್ಕು ಅಲೆಗಳು ದಿಬ್ಬವನ್ನು ಬೆಳ್ಳಗೆ ಮಾಡಿದ ದಿನಗಳಿವೆ.

ಇನ್ನು ಜಾಗದ ವಿಷಯ. ಲೆ ಮೋರ್ನ್ ಬ್ರಾಬಾಂ ಎಂಬ 556 ಮೀಟರ್ ಎತ್ತರದ ಬಂಡೆಬೆಟ್ಟ ಮಾರಿಷಸ್‌ನ ನೈಋತ್ಯ ತುದಿಯಲ್ಲಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಅಡಗಿ ಬದುಕಿದ ಬೆಟ್ಟವದು. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಬುಡದಲ್ಲಿ ಹವಳದ ದಿಬ್ಬದ ಒಳಗೆ ತಿಳಿನೀರಿನ ಲಗೂನ್, ದಿಬ್ಬದ ಅಂಚಿನಲ್ಲಿ ಅಲೆಗಳು, ಆಚೆ ಸಾಗರ. ಒನ್ ಐ ಅಲೆ ಎಡಕ್ಕೆ ಓಡುವ, ಬಹಳ ವೇಗದ, ಆಳವಿಲ್ಲದ ಹವಳದ ಮೇಲೆ ಮುರಿಯುವ ಅಲೆ. ಸರಿಯಾದ ಜಾಗದಲ್ಲಿದ್ದಾಗ ಬೆಟ್ಟದಲ್ಲಿನ ಒಂದು ಕಿಂಡಿ ಕಣ್ಣಿನಂತೆ ಕಾಣುತ್ತದೆ ಎಂಬುದರಿಂದ ಆ ಹೆಸರು. ಜುಲೈಯ ಆಗ್ನೇಯ ವಾಣಿಜ್ಯ ಮಾರುತ ಅಲ್ಲಿ ಓರೆಯಾಗಿ ಹೊರಕ್ಕೆ, ಸಾಗರದ ಕಡೆಗೆ ಬೀಸುತ್ತದೆ. ಅಲೆಯ ಮುಖ ಗಾಜಿನ ಹಾಗೆ ನುಣುಪಾಗುವುದು ಈ ಗಾಳಿಯಿಂದಲೇ, ವಿಡಿಯೊಗಳಲ್ಲಿ ನಿಮ್ಮ ಗೆಳೆಯರನ್ನು ಮರುಳು ಮಾಡಿರುವುದೂ ಅದೇ ನುಣುಪು. ಕೈಟ್ ಕೆಳಗೆ ಬಿದ್ದಾಗ ನಿಮ್ಮನ್ನು ದಡದಿಂದ ದೂರಕ್ಕೆ ಒಯ್ಯುವುದೂ ಆ ಗಾಳಿಯೇ.

ಇದಕ್ಕೆ ನೀರಿನ ಸೆಳೆತವೂ ಜೊತೆಗೂಡುತ್ತದೆ. ಅಲೆಗಳು ದಿಬ್ಬದ ಮೇಲಿಂದ ಲಗೂನಿನೊಳಗೆ ಸುರಿದ ನೀರು ಎಲ್ಲಿಂದಾದರೂ ಹೊರಗೆ ಹೋಗಲೇಬೇಕು, ಅದು ದಿಬ್ಬದ ನಡುವಿನ ಕಂಡಿಗಳ ಮೂಲಕ ಹೋಗುತ್ತದೆ. ಸ್ವೆಲ್ ದೊಡ್ಡದಾದಷ್ಟೂ ಒಳಗೆ ಸುರಿಯುವ ನೀರು ಹೆಚ್ಚು, ಕಂಡಿಯ ಸೆಳೆತವೂ ಹೆಚ್ಚು. ನಮ್ಮೂರಿನ ಅಳಿವೆಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಶಾಂಭವಿ, ನಂದಿನಿ ಎರಡೂ ಹೊಳೆಗಳು ಕೂಡಿ ಕಡಲು ಸೇರುವ ಸಸಿಹಿತ್ಲುವಿನ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನಿಂತು ನೋಡಿ: ಮೇಲೆ ಅಲೆ ಒಳಕ್ಕೆ ಬರುತ್ತಿರುತ್ತದೆ, ಅದೇ ಹೊತ್ತಿಗೆ ಕಾಲಿನ ಬುಡದ ನೀರು ಹೊರಕ್ಕೆ ಎಳೆಯುತ್ತಿರುತ್ತದೆ. ಹಾಗಾಗಿ ಒನ್ ಐನಲ್ಲಿ ನನ್ನ ಪ್ರಶ್ನೆಗೆ ಉತ್ತರ ಇದು: ಕೈಟ್ ಬಿದ್ದರೆ ಒಂದೋ ಹವಳದ ದಿಬ್ಬದ ಮೇಲೆ, ಇಲ್ಲವೇ ತೆರೆದ ಸಾಗರದಲ್ಲಿ. ಮೂರನೆಯ ಆಯ್ಕೆ ಇರುವುದು ದೋಣಿಯವರು ನಿಮ್ಮನ್ನು ನೋಡುತ್ತಿದ್ದರೆ ಮಾತ್ರ.

ಕೈಟ್ ಏಕೆ ಬೀಳುತ್ತದೆ ಎಂಬುದನ್ನೂ ತಿಳಿದಿರಬೇಕು, ಏಕೆಂದರೆ ಸಮತಟ್ಟು ನೀರಿನಲ್ಲಿ ಇಲ್ಲದ ಒಂದು ಕಾರಣಕ್ಕೆ ಅದು ಅಲೆಯ ಮೇಲೆ ಬೀಳುತ್ತದೆ. ಮೂರು ಮೀಟರಿನ ಅಲೆ ನಾಲ್ಕು ಮೀಟರ್ ಆಳದ ದಿಬ್ಬದ ಮೇಲೆ ಮುರಿಯುವಾಗ ಸೆಕೆಂಡಿಗೆ ಸುಮಾರು ಎಂಟು ಮೀಟರ್ ವೇಗದಲ್ಲಿ ಮುನ್ನುಗ್ಗುತ್ತಿರುತ್ತದೆ. 20 ನಾಟ್ ಗಾಳಿಯೆಂದರೆ ಸೆಕೆಂಡಿಗೆ ಹತ್ತು ಮೀಟರ್. ಗಾಳಿ ಬೀಸುವ ದಿಕ್ಕಿಗೇ ನೀವು ಅಲೆಯ ಮೇಲೆ ಜಾರಿದರೆ ಕೈಟಿಗೆ ಸಿಗುವುದು ಸೆಕೆಂಡಿಗೆ ಎರಡು ಮೀಟರಿನ ಗಾಳಿ ಮಾತ್ರ. ಲೈನುಗಳು (ಕೈಟಿನ ಹಗ್ಗಗಳು) ಸಡಿಲವಾಗುತ್ತವೆ, ಬಾರ್ (ಕೈಟನ್ನು ನಡೆಸುವ ಹಿಡಿಕೋಲು) ಹಗುರವಾಗುತ್ತದೆ, ಕೈಟ್ ಒಣ ಎಲೆಯಂತೆ ಹಿಂದಕ್ಕೆ ಬರುತ್ತದೆ. ಓರೆಗಾಳಿಯಲ್ಲಿ ಇಷ್ಟು ಕೆಡುವುದಿಲ್ಲ, ಆದರೆ ನೀವು ಅಲೆಯ ಬುಡದಿಂದ ಕೈಟಿನ ಕಡೆಗೆ ರಭಸದಿಂದ ತಿರುಗಿದಾಗಲೆಲ್ಲ ಅದೇ ಸಡಿಲತನ ಒಂದೆರಡು ಸೆಕೆಂಡು ಬರುತ್ತದೆ. ಪಳಗಿದವರು ಆ ಹೊತ್ತಿನಲ್ಲಿ ಬಾರನ್ನು ದೂರ ಬಿಟ್ಟು ಕೈಟನ್ನು ತೇಲಲು ಬಿಡುತ್ತಾರೆ. ಹೊಸಬರು ಹೆದರಿ ಬಾರನ್ನು ಎದೆಗೆ ಎಳೆದುಕೊಳ್ಳುತ್ತಾರೆ, ಕೈಟ್ ಉಸಿರು ಕಟ್ಟಿದಂತಾಗಿ ಹಿಂದಕ್ಕೆ ಬೀಳುತ್ತದೆ. ಗಾಳಿಯೇ ಕುಸಿಯುವ ದಿನವಂತೂ ಇನ್ನೂ ಕಷ್ಟ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ 20 ನಾಟ್ ಇದ್ದದ್ದು 14ಕ್ಕೆ ಇಳಿದರೆ ಬಲ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ದೊಡ್ಡ ಸ್ವೆಲ್, ಬಲಹೀನ ಗಾಳಿ ಎರಡೂ ಒಟ್ಟಿಗೆ ಬಂದ ದಿನವನ್ನು ನಾನು ಜೋರು ಗಾಳಿಯ ದಿನಕ್ಕಿಂತ ಹೆಚ್ಚು ಅಪಾಯದ್ದೆಂದು ಎಣಿಸುತ್ತೇನೆ. ಅಂಥ ದಿನ ಕಡಲು ಕಣ್ಣಿಗೆ ಬಹಳ ಸೌಮ್ಯವಾಗಿ ಕಾಣುತ್ತದೆ.

ನನಗೆ ಇದನ್ನೆಲ್ಲ ಕಲಿಸಿದ್ದು ಅಲ್ಲಿನದೇ ಒಂದು ಆಗಸ್ಟ್ ಮಧ್ಯಾಹ್ನ. ಸ್ವೆಲ್ ಎರಡು ಮೀಟರಿಗಿಂತ ತುಸು ಹೆಚ್ಚು, 16 ಸೆಕೆಂಡು. ಗಾಳಿ 18 ನಾಟ್ ಇದ್ದದ್ದು ಇಳಿಯುತ್ತಿತ್ತು. ದಡದಲ್ಲಿ ಹತ್ತು ನಿಮಿಷವೂ ನಿಲ್ಲದೆ ಹೊರಟೆ. ಐದು ಅಲೆಗಳು ತುಂಬ ಚೆನ್ನಾಗಿ ಸಿಕ್ಕವು. ಆರನೆಯದರಲ್ಲಿ ಬೇಕಾದ್ದಕ್ಕಿಂತ ಎರಡು ಸೆಕೆಂಡು ಹೆಚ್ಚು ನಿಂತೆ, ಲೈನು ಸಡಿಲವಾಯಿತು, ಕೈಟ್ ಅಲೆಯ ಬೆನ್ನಿನ ಮೇಲೆ ಬಿತ್ತು. ಮುಂದಿನ ಅಲೆ ಬರಲು ಹತ್ತು-ಹನ್ನೆರಡು ಸೆಕೆಂಡು ಇತ್ತು. ಹಿಂದಿನ ಒಂದು ಲೈನನ್ನು ಎಳೆದೆ. ಕೈಟ್ ಮಗ್ಗುಲಿಗೆ ತಿರುಗಿತು, ರೆಕ್ಕೆಯ ತುದಿ ನೀರಿನಿಂದ ಮೇಲೆದ್ದು ಪಟಪಟನೆ ಬಡಿಯಿತು, ಇನ್ನೇನು ಎದ್ದೇಬಿಡುತ್ತದೆ ಎನ್ನಿಸಿತು. ಆ 'ಇನ್ನೇನು' ಎನ್ನುವುದರಲ್ಲಿಯೇ ಸಮಯ ಕಳೆದೆ. ಮೊದಲ ಅಲೆ ಕೈಟನ್ನು ಮಗುಚಿತು, ಎರಡನೆಯದು ಅದರೊಳಗೆ ನೀರು ತುಂಬಿ ತನ್ನೊಡನೆ ಎಳೆದೊಯ್ದಿತು. ಒಂದು ಘನ ಮೀಟರ್ ಕಡಲ ನೀರು ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ; ಒಂಬತ್ತು ಚದರ ಮೀಟರಿನ ಬಟ್ಟೆ ಅಲೆಯ ಬಾಯಿಗೆ ಸಿಕ್ಕಾಗ ಲೈನಿನ ಮೇಲೆ ಬರುವ ಎಳೆತವನ್ನು ಕೈಯಿಂದ ತಡೆಯುವ ಮಾತೇ ಇಲ್ಲ. ಒಂದು ಲೈನು ಎಡ ಮೀನಖಂಡಕ್ಕೆ ಸುತ್ತಿಕೊಂಡಿತ್ತು. ನೀರಿನೊಳಗೆ ಕಣ್ಣು ತೆರೆದಾಗ ಬಿಳಿ ನೊರೆಯ ನಡುವೆ ಆ ಕೆಂಪು ಲೈನು ಚರ್ಮದೊಳಕ್ಕೆ ಇಳಿಯುತ್ತಿದ್ದುದು ಕಂಡಿತು, ನೋವು ಗೊತ್ತಾಗಲಿಲ್ಲ. ಹಾರ್ನೆಸ್ (ಕೈಟಿನ ಎಳೆತ ಹೊರುವ ಸೊಂಟಪಟ್ಟಿ) ಮೇಲಿನ ಕ್ವಿಕ್ ರಿಲೀಸ್ ಅನ್ನು, ಅಂದರೆ ಎಳೆತವನ್ನು ಥಟ್ಟನೆ ಬಿಡಿಸುವ ಕೊಂಡಿಯನ್ನು, ತಡಕಿ ದೂಡಿದೆ, ಎಳೆತ ಕಡಿಮೆಯಾಯಿತು, ಕಾಲು ಬಿಡಿಸಿಕೊಂಡೆ. ಮೂರನೆಯ ಅಲೆಗೆ ಮೊದಲು ಕೈಟನ್ನು ನನಗೆ ಕಟ್ಟಿಟ್ಟಿದ್ದ ಕೊನೆಯ ಹಗ್ಗವಾದ ಲೀಶ್ ಅನ್ನೂ ಬಿಟ್ಟು ಅದನ್ನು ಕಡಲಿಗೆ ಒಪ್ಪಿಸಿದೆ. ದಿಬ್ಬದ ಕಡೆಗೆ ಈಜದೆ, ಅಲೆ ಮುರಿಯದ ಆಳದ ನೀರಿಗೆ ಅಡ್ಡವಾಗಿ ಈಜಿ, ಅಲ್ಲಿ ಕೈಯೆತ್ತಿಕೊಂಡು ತೇಲುತ್ತಿದ್ದೆ. ದೋಣಿ ಬರಲು 25 ನಿಮಿಷ ಹಿಡಿಯಿತು. ಕಾಲಿನ ಗೆರೆ ಇಂದಿಗೂ ಇದೆ.

ಆ ದಿನದ ತಪ್ಪು ಆರನೆಯ ಅಲೆಯಲ್ಲಿ ಆದದ್ದಲ್ಲ. ಸೆಟ್ ಎಣಿಸದೆ ಹೊರಟದ್ದು, ಇಳಿಯುತ್ತಿದ್ದ ಗಾಳಿಗೆ ಹೊರಟದ್ದು, ಹೊರಡುವ ಮೊದಲು ದೋಣಿಯವರಿಗೆ ಹೇಳದೆ ಇದ್ದದ್ದು, ಈ ಮೂರೂ ನಾನು ಒಣ ಮರಳಿನ ಮೇಲೆ ನಿಂತು ಮಾಡಿದ ತಪ್ಪುಗಳು. ನೀರಿಗಿಳಿದ ಮೇಲೆ ಮನುಷ್ಯನ ವಿವೇಚನೆ ಕಿರಿದಾಗುತ್ತದೆ. ಕಿವಿಯ ತುಂಬ ಸದ್ದು, ಮೈಯ ತುಂಬ ಉತ್ಸಾಹ, ಕಣ್ಣಿಗೆ ಮುಂದಿನ ಅಲೆ ಮಾತ್ರ. ಹಿಂದೆ ಸರಿಯುವ ತೀರ್ಮಾನಗಳನ್ನು ದಡದಲ್ಲೇ ಮಾಡಿಕೊಂಡು, ನೀರಿನಲ್ಲಿ ಅವನ್ನು ಪಾಲಿಸುವುದಷ್ಟೇ ಉಳಿಯುವಂತೆ ನೋಡಿಕೊಳ್ಳಬೇಕು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿ. ಉದಾಹರಣೆಗೆ, ಅಲೆ ಮುರಿಯುವ ಜಾಗದಲ್ಲಿ ಕೈಟ್ ಬಿದ್ದರೆ ಎಬ್ಬಿಸಲು ಒಂದೇ ಪ್ರಯತ್ನ, ಎರಡನೆಯದಿಲ್ಲ. ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದ ಗಾಳಿ ತುಂಬುವ ಕೈಟಿನ ಹಿರಿಮೆಯೇ ಅದು ನೀರಿನ ಮೇಲೆ ತೇಲಿ ಮತ್ತೆ ಏಳಬಲ್ಲದು ಎಂಬುದು. ಆದರೆ ಆ ಗುಣ ನೆಚ್ಚಬೇಕಾದದ್ದು ನಿಂತ ನೀರಿನಲ್ಲಿ, ನೊರೆಯ ನಡುವೆ ಅಲ್ಲ. ಅಲ್ಲಿ ಕೈಟ್ ಒಂದು ವಸ್ತು, ಅದಕ್ಕೆ ಬೆಲೆ ಇದೆ, ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ನೀವು ಸಿದ್ಧರಿದ್ದೀರೋ ಇಲ್ಲವೋ ಎಂಬುದನ್ನು ಬೆಂಗಳೂರಿನಿಂದ ಹೊರಡುವ ಮೊದಲೇ, ರಾಮೇಶ್ವರದಲ್ಲೇ ಪರೀಕ್ಷಿಸಿಕೊಳ್ಳಬಹುದು. ಬೋರ್ಡ್ ಇಲ್ಲದೆ, ಕೈಟಿನ ಎಳೆತದಿಂದಲೇ ಮೈಯನ್ನು ನೀರಿನಲ್ಲಿ ಎಳೆಸಿಕೊಂಡು ಗಾಳಿಗೆ ಎದುರಾಗಿ ಐನೂರು ಮೀಟರ್ ಸಾಗಲು ಆಗುತ್ತದೆಯೇ? ಅಲೆಯಲ್ಲಿ ಬೋರ್ಡ್ ಹೋಗುವುದು ದಿನಕ್ಕೆ ಹತ್ತು ಸಲ ಆಗುವ ಸಂಗತಿ. ಅದನ್ನು ಕಾಲಿಗೆ ಕಟ್ಟಿಕೊಳ್ಳುವುದು ಇನ್ನೂ ಅಪಾಯ, ಏಕೆಂದರೆ ಬಿಗಿದ ಹಗ್ಗ ಸಡಿಲವಾದ ಕೂಡಲೇ ಬೋರ್ಡ್ ತಲೆಗೇ ಬಂದು ಬಡಿಯುತ್ತದೆ. ಬಿದ್ದ ಕೈಟನ್ನು ಹತ್ತು ಸೆಕೆಂಡಿನೊಳಗೆ ಎಬ್ಬಿಸುವುದು ಹತ್ತರಲ್ಲಿ ಎಂಟು ಸಲವಾದರೂ ಆಗುತ್ತದೆಯೇ? ಕಣ್ಣು ಮುಚ್ಚಿಕೊಂಡು, ಎಡಗೈಯಿಂದಲೂ ಬಲಗೈಯಿಂದಲೂ, ಲೈನು ಬಿಗಿಯಾಗಿ ಎಳೆಯುತ್ತಿರುವಾಗ ಕ್ವಿಕ್ ರಿಲೀಸ್ ಬಿಡಿಸಿದ್ದೀರಾ? ಹೆಚ್ಚಿನವರು ಅದನ್ನು ಕಲಿಕೆಯ ಮೊದಲ ದಿನ ಒಮ್ಮೆ ಮಾಡಿ, ಆಮೇಲೆ ವರ್ಷಗಟ್ಟಲೆ ಮುಟ್ಟಿರುವುದಿಲ್ಲ. ಉಪ್ಪು, ಮರಳು ಸೇರಿ ಅದು ಬಿಗಿದುಕೊಂಡಿರುತ್ತದೆ. ಕಡಲಿನಲ್ಲಿ, ಕೊಳದಲ್ಲಲ್ಲ, ಒಂದು ಕಿಲೋಮೀಟರ್ ಈಜಿದ್ದೀರಾ? ಕಾಲು ಸಿಕ್ಕಿಸುವ ಪಟ್ಟಿಗಳಿಲ್ಲದ ಅಲೆಯ ಬೋರ್ಡಿನ ಮೇಲೆ ಎರಡೂ ಕಡೆಗೆ ಮುಖ ಮಾಡಿ ಸಾಗಬಲ್ಲಿರಾ? ಇವುಗಳಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ ಒನ್ ಐ ಈ ಸಲಕ್ಕೆ ಬೇಡ. ಉಸಿರು ಹಿಡಿಯುವ ಅಭ್ಯಾಸ ಒಳ್ಳೆಯದೇ, ಏಕೆಂದರೆ ಅಲೆ ನಿಮ್ಮನ್ನು ಹತ್ತು-ಹದಿನೈದು ಸೆಕೆಂಡು ಕೆಳಗೆ ಹಿಡಿದಿಟ್ಟರೆ ಅದು ಒಂದು ನಿಮಿಷದಂತೆ ಅನ್ನಿಸುತ್ತದೆ; ಆದರೆ ಈಜುಕೊಳದಲ್ಲಿ ಒಬ್ಬರೇ ಅದನ್ನು ಅಭ್ಯಾಸ ಮಾಡಬೇಡಿ. ನೀರಿನಡಿಯಲ್ಲಿ ಎಚ್ಚರ ತಪ್ಪುವುದು ಮುನ್ಸೂಚನೆಯಿಲ್ಲದೆ ಆಗುತ್ತದೆ.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಲ್ಮೆಟ್, ಪೆಟ್ಟು ತಡೆಯುವ ವೆಸ್ಟ್, ಹಾರ್ನೆಸ್‌ನಲ್ಲಿ ಲೈನು ಕತ್ತರಿಸುವ ಕೊಕ್ಕೆಚಾಕು, 2020ರ ಐಎಸ್‌ಒ 21853 ಮಾನದಂಡಕ್ಕೆ ಹೊಂದುವ ಕ್ವಿಕ್ ರಿಲೀಸ್. ಬಾಡಿಗೆಗೆ ಪಡೆದ ಬಾರ್ ಆದರೆ ದಡದಲ್ಲೇ ಅದನ್ನು ಮೂರು ಸಲ ಬಿಡಿಸಿ, ಮತ್ತೆ ಜೋಡಿಸಿ ನೋಡಿ.

ಹೋಗಿ ಸೇರಿದ ಮೇಲೆ, ಆ ದಿನದ ತೀರ್ಮಾನಕ್ಕೆ ನಾನು ನೋಡುವುದು ಇವನ್ನು. ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ. ಆಗ್ನೇಯದಲ್ಲೇ ನಿಂತಿದೆಯೋ ಪೂರ್ವಕ್ಕೆ ತಿರುಗುತ್ತಿದೆಯೋ. ಪೂರ್ವಕ್ಕೆ ತಿರುಗಿದಷ್ಟೂ ಅದು ಇನ್ನೂ ಹೊರಮುಖವಾಗುತ್ತದೆ, ಬೆಟ್ಟದಿಂದಾಗಿ ಬಿಟ್ಟುಬಿಟ್ಟು ಬೀಸುತ್ತದೆ. ನೀರಿನ ಮಟ್ಟ ಇಳಿತದಲ್ಲಿದ್ದರೆ ಹವಳ ಮೇಲಕ್ಕೆ ಹತ್ತಿರ. ಅಲ್ಲಿ ಉಬ್ಬರ-ಇಳಿತದ ಅಂತರ ಒಂದು ಮೀಟರಿಗಿಂತಲೂ ಕಡಿಮೆ, ಆದರೆ ಸೊಂಟದಷ್ಟು ನೀರಿನಲ್ಲಿ ಅರ್ಧ ಮೀಟರ್ ಬಹಳ ದೊಡ್ಡದು. ದೋಣಿ ನೀರಿನಲ್ಲಿದೆಯೇ, ಅದರವರಿಗೆ ನೀವು ಹೊರಟಿರುವುದು ಗೊತ್ತೇ. ಜುಲೈಯಲ್ಲಿ ಅಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ನಾಲ್ಕೂವರೆಯ ನಂತರ ಹೊರಗಿನ ಅಲೆಗೆ ಹೋಗುವ ಮಾತಿಲ್ಲ. ಅರ್ಧ ಗಂಟೆ ಹುಡುಕಬೇಕಾಗಿ ಬಂದರೆ ಬೆಳಕು ಇರಬೇಕು. ಇಷ್ಟರ ಮೇಲೆ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು ಎಂಬುದನ್ನೂ ಕೇಳಿಕೊಳ್ಳುತ್ತೇನೆ. ಹೊರಟ ಮೇಲೆ, ಎಷ್ಟು ಅಲೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಎಂಟು ಎಂದುಕೊಂಡಿದ್ದರೆ ಎಂಟು. ತೊಡೆ ನಡುಗತೊಡಗಿದ ಮೇಲೆ ಹಿಡಿಯುವ 'ಇನ್ನೊಂದೇ ಒಂದು' ಎಂಬ ಅಲೆಯಲ್ಲಿ ಪೆಟ್ಟಾದವರನ್ನು ನಾನು ಬಹಳ ಕಂಡಿದ್ದೇನೆ.

ನಿಮ್ಮ ಸಂಕೋಚದ ವಿಷಯವನ್ನು ನಾನು ಹಗುರವಾಗಿ ಎಣಿಸುತ್ತಿಲ್ಲ. ಹತ್ತು ದಿನದ ರಜೆ, ಇಷ್ಟೊಂದು ಖರ್ಚು, ಮೂವರು ಗೆಳೆಯರು ನೀರಿನಲ್ಲಿ, ನೀವೊಬ್ಬರೇ ಮರಳಿನ ಮೇಲೆ. ಆ ಒತ್ತಡ ಅಲೆಯಷ್ಟೇ ನಿಜ. ಪೋರ್ಚುಗಲ್‌ನ ನಜರೆಯಲ್ಲಿ 2017ರಲ್ಲಿ ನೂನೊ ಫಿಗೇರೆದು 19 ಮೀಟರಿನ ಅಲೆಯ ಮೇಲೆ ಕೈಟ್ ಆಡಿ ಗಿನ್ನೆಸ್ ದಾಖಲೆ ಬರೆದರು, ಅಂಥ ವಿಡಿಯೊಗಳನ್ನು ನಿಮ್ಮ ಗೆಳೆಯರು ಕಳಿಸಿರಬಹುದು. ಆದರೆ ವಿಡಿಯೊದಲ್ಲಿ ಉಳಿಯುವುದು ಹೋದ ದಿನ. ಹೋಗದೆ ಬಿಟ್ಟ ದಿನಗಳನ್ನು ಯಾರೂ ಚಿತ್ರಿಸುವುದಿಲ್ಲ. ನಾನು ಚಿಕ್ಕವನಿದ್ದಾಗ ಮಳೆಗಾಲದಲ್ಲಿ ನಾಡದೋಣಿಯವರು ಅಳಿವೆಯ ಬಾಯಲ್ಲಿ ದೋಣಿ ನಿಲ್ಲಿಸಿಕೊಂಡು ಕಾಯುವುದನ್ನು ನೋಡುತ್ತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳ ದುಡಿಮೆ ಅವರಿಗೆ ಬಹಳ ಮುಖ್ಯ. ಆದರೂ ಮುಂದೆ ಕೂತ ಹಿರಿಯರು ತೆರೆಗಳನ್ನು ಎಣಿಸುತ್ತ, ಎಣಿಸುತ್ತ, ಕೊನೆಗೆ 'ಇವತ್ತು ಬೇಡ' ಎಂದು ದೋಣಿ ತಿರುಗಿಸಿದರೆ ಹಿಂದೆ ಕೂತ ಇಪ್ಪತ್ತು ಜನರಲ್ಲಿ ಒಬ್ಬರೂ ಏಕೆ ಎಂದು ಕೇಳುತ್ತಿರಲಿಲ್ಲ. ಅವರನ್ನು ಹೇಡಿ ಎಂದವರನ್ನು ನಾನು ಕೇಳಿಲ್ಲ. ನಿಮ್ಮ ನಾಲ್ವರ ಗುಂಪಿನಲ್ಲೂ ಹೊರಡುವ ಮೊದಲೇ ಇದೇ ಒಪ್ಪಂದ ಮಾಡಿಕೊಳ್ಳಿ: ಯಾರೊಬ್ಬರು ಬೇಡ ಎಂದರೂ ಕಾರಣ ಕೇಳಬಾರದು, ಮತ್ತು ಹೊರಗಿನ ಅಲೆಗೆ ಒಬ್ಬರೇ ಹೋಗಬಾರದು.

ಇದನ್ನು ಓದಿ, ಜುಲೈಗೆ ಮೊದಲು ಅಲೆಯ ಅಭ್ಯಾಸಕ್ಕೆಂದು ಜೂನ್‌ನಲ್ಲಿ ಮಲ್ಪೆಗೋ ಸುರತ್ಕಲ್‌ಗೋ ಕೈಟ್ ಹೊತ್ತುಕೊಂಡು ಹೋಗಬೇಡಿ. ಮುಂಗಾರಿನ ಗಾಳಿ ನೇರವಾಗಿ ದಡಕ್ಕೆ ಬೀಸುತ್ತದೆ, ದಡದಲ್ಲೇ ಮುರಿಯುವ ಅಲೆ, ನಡುವೆ ಬಂಡೆಗಳ ತಡೆಗೋಡೆ. ಕೈಟ್ ಹಾರಿಸಿದ ಮರುಕ್ಷಣ ಏನಾದರೂ ತಪ್ಪಿದರೆ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಅಭ್ಯಾಸ ಬೇಕಾದರೆ ಮಳೆಗಾಲಕ್ಕೆ ಮೊದಲು ಮೂಲ್ಕಿಯ ಕಡೆ ಬಂದು, ಕೈಟ್ ಇಲ್ಲದೆ, ಬರೀ ಸರ್ಫ್ ಬೋರ್ಡಿನಲ್ಲಿ ಒಂದು ವಾರ ಅಲೆ ಕಲಿಯಿರಿ. ಅಲೆಯಡಿ ಮುಳುಗಿ ಏಳುವುದು, ಸೆಟ್ ಬರುವ ಮೊದಲು ದಿಗಂತದಲ್ಲಿ ಗೆರೆ ಕಪ್ಪಾಗುವುದನ್ನು ಗುರುತಿಸುವುದು, ಸೆಳೆತಕ್ಕೆ ಅಡ್ಡವಾಗಿ ಈಜುವುದು, ಇಷ್ಟನ್ನು ಆ ಒಂದು ವಾರ ನಿಮಗೆ ಕೊಡುತ್ತದೆ. ಲೆ ಮೋರ್ನ್‌ನಲ್ಲಿ ಇನ್ನೊಂದು ಕೈಟ್ ಕೊಂಡರೂ ಅದು ಸಿಗುವುದಿಲ್ಲ.

ಅಲ್ಲಿ ಹತ್ತು ದಿನ ಹೇಗೆ ಕಳೆಯಬೇಕೆಂದು ಕೇಳಿದರೆ ಹೀಗೆ ಹೇಳುತ್ತೇನೆ. ಮೊದಲ ಮೂರು ದಿನ ಲಗೂನಿನಲ್ಲೇ, ಅಲೆಯ ಬೋರ್ಡಿನ ಮೇಲೆ, ದಿಬ್ಬದ ಒಳಗಿನ ಸೆಳೆತ ಎತ್ತ ಒಯ್ಯುತ್ತದೆ ಎಂದು ಮೈಗೆ ಗೊತ್ತಾಗುವವರೆಗೆ ಇರಿ. ಆಮೇಲೆ ಸ್ವೆಲ್ ಚಿಕ್ಕದಿರುವ ದಿನ, ಒಂದೂವರೆ ಮೀಟರಿನೊಳಗೆ, ಒಳಗಿನ 'ಲಿಟಲ್ ರೀಫ್' ಅಲೆಗೆ ಹೋಗಿ. ಅದು ಚೆನ್ನಾಗಿ ಆದರೆ, ಅಲ್ಲಿನ ಮಾರ್ಗದರ್ಶಕರೊಬ್ಬರ ಜೊತೆಯಲ್ಲಿ ಮತ್ತು ದೋಣಿಯ ಕಣ್ಣಳತೆಯಲ್ಲಿ ಮನಾವಾ ಅಲೆಗೆ. ಮನಾವಾ ಹೊರಗಿದೆ, ದೊಡ್ಡದೂ ಹೌದು, ಆದರೆ ನಿಧಾನವಾಗಿ ಮುರಿಯುತ್ತದೆ, ತಪ್ಪಿದರೆ ಬದಿಗೆ ಸರಿಯಲು ಅವಕಾಶ ಕೊಡುತ್ತದೆ. ಅಷ್ಟು ಹೊತ್ತಿಗೆ ಎಂಟು ದಿನ ಕಳೆದಿರುತ್ತವೆ. ನೀವು ಬರೆದಿರುವಷ್ಟರ ಆಧಾರದ ಮೇಲೆ ಹೇಳುವುದಾದರೆ, ಈ ಸಲದ ಪ್ರವಾಸದಲ್ಲಿ ಒನ್ ಐ ಅಲೆಯನ್ನು ನೀವು ನೋಡಬೇಕು, ಆಡಬಾರದು. ಸ್ವೆಲ್ ಮೂರು ಮೀಟರ್, 15 ಸೆಕೆಂಡು ಎಂದು ಬಂದ ದಿನ ದುರ್ಬೀನು ತೆಗೆದುಕೊಂಡು ದಡಕ್ಕೆ ಹೋಗಿ ಒಂದು ಗಂಟೆ ಕೂತುಕೊಳ್ಳಿ. ಯಾರ ಕೈಟ್ ಎಲ್ಲಿ ಬಿತ್ತು, ಅವರು ಯಾವ ದಿಕ್ಕಿಗೆ ತೇಲಿದರು, ಅವರ ಬಳಿ ದೋಣಿ ತಲುಪಲು ಎಷ್ಟು ನಿಮಿಷವಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ವರ್ಷ ಹೋಗುವಾಗ ಆ ಪುಸ್ತಕವನ್ನು ಜೊತೆಗೆ ಒಯ್ಯಿರಿ.